ದೊಡ್ಡಿ, ನಾಯಿಮನೆ, ಲ್ಯಾಬು: ಊರಿನ ಶುಲ್ಕ ನಿಗದಿ ಮಾಡುವುದು ಹೇಗೆ?

ಬ್ರಿಟಿಷರ ಕಾಲದ 1871ರ ಜಾನುವಾರು ಅತಿಕ್ರಮ ಕಾಯ್ದೆಯಲ್ಲಿ ಒಂದು ದರಪಟ್ಟಿ ಇತ್ತು. ಪರರ ಹೊಲಕ್ಕೆ ನುಗ್ಗಿ ಸಿಕ್ಕಿಬಿದ್ದ ಆನೆಗೆ ಎರಡು ರೂಪಾಯಿ, ಎಮ್ಮೆಗೆ ಎಂಟಾಣೆ, ಎತ್ತು-ಹಸುಗಳಿಗೆ ನಾಲ್ಕಾಣೆ, ಕುರಿ-ಮೇಕೆಗೆ ಒಂದಾಣೆ. ಇದು ದಂಡ. ದೊಡ್ಡಿಯಲ್ಲಿದ್ದಷ್ಟು ದಿನದ ಮೇವು-ನೀರಿನ ಖರ್ಚು ಬೇರೆ. ಏಳು ದಿನ ಕಳೆದರೂ ಯಾರೂ ಬರದಿದ್ದರೆ ಹತ್ತಿರದ ಊರಿನಲ್ಲಿ, ಸಂತೆಯಲ್ಲಿ ಡಂಗುರ ಸಾರಿಸಬೇಕು. ಮತ್ತೆ ಏಳು ದಿನ ಕಾದು ಹರಾಜು ಹಾಕಬೇಕು. ಹರಾಜಿನ ದುಡ್ಡಿನಲ್ಲಿ ದಂಡ, ಮೇವು, ಹರಾಜಿನ ವೆಚ್ಚ ಕಳೆದು ಮಿಕ್ಕಿದ್ದು ದನದ ಮಾಲೀಕನದು. ಅವನು ಬಂದು ಕೇಳಲೆಂದು ಅದನ್ನು ಮೂರು ತಿಂಗಳು ಠೇವಣಿಯಲ್ಲಿ ಇಡಬೇಕು.

ತಪ್ಪಿಗೆ ಎಷ್ಟು, ಆರೈಕೆಗೆ ಎಷ್ಟು, ಹಿಂತಿರುಗಿಸಬೇಕಾದದ್ದು ಎಷ್ಟು ಎಂದು ಮೂರನ್ನೂ ಬೇರೆ ಬೇರೆ ಬರೆದಿಟ್ಟ ಲೆಕ್ಕ ಇದು. ಕರ್ನಾಟಕಕ್ಕೆ ತನ್ನದೇ ಜಾನುವಾರು ಅತಿಕ್ರಮ ಕಾಯ್ದೆ ಬಂದದ್ದು 1966ರಲ್ಲಿ. ದಕ್ಷಿಣದಲ್ಲಿ ದೊಡ್ಡಿ, ಉತ್ತರ ಕರ್ನಾಟಕದ ಕಡೆ ಕೊಂಡವಾಡ ಎನ್ನುವ ಆ ಜಾಗ ಹಲವು ಊರುಗಳಲ್ಲಿ ಇಂದು ಹೆಸರಿಗಷ್ಟೇ ಉಳಿದಿದೆ. ಕೆಲಸ ಮಾತ್ರ ಹೆಚ್ಚಿದೆ. ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ ಹನ್ನೆರಡನೇ ಅನುಸೂಚಿ ನಗರಾಡಳಿತಕ್ಕೆ ವಹಿಸಬಹುದಾದ ಹದಿನೆಂಟು ಕೆಲಸಗಳಲ್ಲಿ ದನದ ದೊಡ್ಡಿ ಮತ್ತು ಪ್ರಾಣಿಹಿಂಸೆ ತಡೆಯನ್ನು ಸೇರಿಸಿದೆ, ಸಾರ್ವಜನಿಕ ಆರೋಗ್ಯವನ್ನೂ ಸೇರಿಸಿದೆ. ಬೀದಿನಾಯಿಗಳ ವಿಚಾರದಲ್ಲಿ 2025ರ ಆಗಸ್ಟ್ ಮತ್ತು ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳ ನಂತರ ನಾಯಿಗಳಿಗೆ ಆಶ್ರಯ ಕೇಂದ್ರ ಕಟ್ಟುವ ಮಾತು ಪುರಸಭೆಗಳ ಮೇಜಿಗೂ ಬಂದಿದೆ. ಕಟ್ಟಡದ ಹಿಂದೆಯೇ ಬರುವ ಪ್ರಶ್ನೆ, ಯಾರಿಂದ ಎಷ್ಟು ತೆಗೆದುಕೊಳ್ಳಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದ ವಾರ್ಡ್ ಸದಸ್ಯರು, ಮುಖ್ಯಾಧಿಕಾರಿಗಳು, ಪಿಡಿಒಗಳು ಮತ್ತು ಕೊನೆಗೆ ಹಣ ಕಟ್ಟುವ ನಾಗರಿಕರು ಈ ಲೇಖನದ ಓದುಗರು. ನಾನು ಹೇಳಬೇಕೆಂದಿರುವುದು ಇಷ್ಟು: ಜನ ಯಾವ ಕೆಲಸವನ್ನು ಮಾಡಿದರೆ ಇಡೀ ಊರಿಗೆ ರಕ್ಷಣೆಯೋ ಆ ಕೆಲಸಕ್ಕೆ ಶುಲ್ಕ ಅಡ್ಡ ನಿಲ್ಲಬಾರದು. ಮಿಕ್ಕಿದ್ದಕ್ಕೆಲ್ಲ ಖರ್ಚಿನ ಲೆಕ್ಕ ತೋರಿಸಿ ಧೈರ್ಯವಾಗಿ ಕೇಳಬಹುದು.

ಶುಲ್ಕಕ್ಕೂ ತೆರಿಗೆಗೂ ಇರುವ ಗೆರೆ

ಈ ಗೆರೆಯನ್ನು ಸ್ವತಂತ್ರ ಭಾರತದಲ್ಲಿ ಸ್ಪಷ್ಟವಾಗಿ ಎಳೆದ ಮೊಕದ್ದಮೆ ನಮ್ಮ ಉಡುಪಿಯದು. ಶಿರೂರು ಮಠದ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳಿಗೂ ಮದ್ರಾಸಿನ ಹಿಂದೂ ಧಾರ್ಮಿಕ ದತ್ತಿ ಆಯುಕ್ತರಿಗೂ ನಡೆದ ವ್ಯಾಜ್ಯದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. ಮಠಗಳ ಆದಾಯದಿಂದ ನೂರಕ್ಕೆ ಐದರವರೆಗೆ ವಂತಿಗೆ ಕೇಳುವ ಅಧಿಕಾರವನ್ನು ಅಲ್ಲಿನ ಕಾನೂನು ಸರ್ಕಾರಕ್ಕೆ ಕೊಟ್ಟಿತ್ತು. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಅವರು ಬರೆದ ತೀರ್ಪಿನ ಸಾರ ಹೀಗಿದೆ. ಎಲ್ಲರ ಒಳಿತಿಗಾಗಿ ಕಡ್ಡಾಯವಾಗಿ ಎತ್ತುವ ಹಣ ತೆರಿಗೆ. ಕೊಡುವವನಿಗೆ ನಿರ್ದಿಷ್ಟ ಸೇವೆಯೊಂದನ್ನು ಮಾಡಿ ಅದರ ಖರ್ಚಿಗೆಂದು ಪಡೆಯುವ ಹಣ ಶುಲ್ಕ. ಮಠದಿಂದ ಪಡೆದ ವಂತಿಗೆ ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ ಸೇರಿ ಹೋಗುತ್ತಿತ್ತು. ಮಾಡಿದ ಸೇವೆಗೂ ಪಡೆದ ಹಣಕ್ಕೂ ನಂಟು ಕಾಣಲಿಲ್ಲ. ಹಾಗಾಗಿ ಅದು ಹೆಸರಿಗೆ ಏನೇ ಇರಲಿ, ತೆರಿಗೆಯೇ ಎಂದು ನ್ಯಾಯಾಲಯ ಹೇಳಿತು.

ಆಮೇಲೆ ಈ ನಿಯಮ ಒಮ್ಮೆ ಬಿಗಿಯಾಯಿತು, ಒಮ್ಮೆ ಸಡಿಲವಾಯಿತು. ಪಂಜಾಬಿನ ಮಾರುಕಟ್ಟೆ ಶುಲ್ಕದ ಕೇವಲ್ ಕ್ರಿಶನ್ ಪುರಿ ಪ್ರಕರಣದಲ್ಲಿ, 1979ರಲ್ಲಿ, ವಸೂಲಾದ ಹಣದ ಮೂರರಲ್ಲಿ ಎರಡು ಪಾಲೋ ನಾಲ್ಕರಲ್ಲಿ ಮೂರು ಪಾಲೋ ಸೇವೆಗೇ ಖರ್ಚಾಗಿದ್ದು ಕಾಣಬೇಕು ಎಂದು ಕೋರ್ಟ್ ಹೇಳಿತು. 1983ರ ಶ್ರೀನಿವಾಸ ಜನರಲ್ ಟ್ರೇಡರ್ಸ್ ತೀರ್ಪಿನಲ್ಲಿ ಪೈಸೆಗೆ ಪೈಸೆ ತಾಳೆಯಾಗಬೇಕಿಲ್ಲ, ಸೇವೆಗೂ ಹಣಕ್ಕೂ ಸ್ಥೂಲ ಸಂಬಂಧವಿದ್ದರೆ ಸಾಕು ಎಂಬ ನಿಲುವು ಬಂತು. ಪರವಾನಗಿಯಂಥ ನಿಯಂತ್ರಣ ಶುಲ್ಕಕ್ಕೆ ಕಟ್ಟಿದವನಿಗೇ ನೇರ ಸೇವೆ ತೋರಿಸಬೇಕೆಂಬ ಒತ್ತಾಯವಿಲ್ಲ. ಹಾಗೆಂದು ಅದನ್ನು ಆದಾಯದ ದಾರಿ ಮಾಡಿಕೊಳ್ಳುವಂತೆಯೂ ಇಲ್ಲ. ಪುರಸಭೆಗೆ ಇದರಿಂದ ಸಿಗುವ ಪಾಠ ಸರಳವಾದದ್ದು. ನಾಯಿ ಪರವಾನಗಿಯ ಹಣ ರಸ್ತೆ ಡಾಂಬರಿಗೆ ಹೋದರೆ ನಾಳೆ ಯಾರಾದರೂ ಪ್ರಶ್ನಿಸಿದಾಗ ಉತ್ತರ ಹೇಳುವುದು ಕಷ್ಟ. ಪ್ರಾಣಿ ಸೇವೆಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು ಅಲ್ಲೇ ಜಮಾ, ಅಲ್ಲೇ ಖರ್ಚು ತೋರಿಸುವುದು ಅತ್ಯಂತ ಅಗ್ಗದ ವಿಮೆ.

ನಾಯಿಮನೆಯ ನಾಲ್ಕು ಬಗೆಯ ಹಣ

ಆಶ್ರಯ ಕೇಂದ್ರದ ಕೌಂಟರಿನಲ್ಲಿ ಸೇರುವ ಹಣ ಒಂದೇ ಬಗೆಯದಲ್ಲ. ಸಾಕುನಾಯಿಯ ವಾರ್ಷಿಕ ಪರವಾನಗಿ ನಿಯಂತ್ರಣ ಶುಲ್ಕ. ಬೀದಿಗೆ ಬಿಟ್ಟದ್ದಕ್ಕೆ ಹಾಕುವುದು ದಂಡ. ಇರಿಸಿಕೊಂಡ ದಿನಗಳ ಊಟ-ವಸತಿಯದು ಸೇವಾ ಶುಲ್ಕ. ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಗಾಯದ ಔಷಧಿಯದು ಚಿಕಿತ್ಸಾ ವೆಚ್ಚ. ನಾಲ್ಕನ್ನೂ ಒಟ್ಟು ಸೇರಿಸಿ "ಬಿಡುಗಡೆ ಶುಲ್ಕ" ಎಂದು ಒಂದೇ ಸಾಲಿನಲ್ಲಿ ರಸೀದಿ ಹರಿದರೆ ಜಗಳ ಶುರುವಾಗುವುದು ಅಲ್ಲಿಂದಲೇ. ರಸೀದಿಯಲ್ಲಿ ನಾಲ್ಕು ಸಾಲು ಇರಲಿ. ಮಾಲೀಕರು ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಪ್ರಶ್ನಿಸುತ್ತಾರೆ ಎಂಬುದೂ ಆಗ ತಿಳಿಯುತ್ತದೆ.

ದಿನದ ಖರ್ಚನ್ನು ಹೇಗೆ ಕಟ್ಟುವುದು? ಲೆಕ್ಕ ತೋರಿಸಲೆಂದು ಕೆಲವು ಅಂಕಿಗಳನ್ನು ಹಿಡಿಯೋಣ. 20 ಗೂಡುಗಳ ಒಂದು ಕೇಂದ್ರ. ಸಿಬ್ಬಂದಿ ಸಂಬಳ, ಪಶುವೈದ್ಯರ ಭೇಟಿ, ಆಹಾರ, ಔಷಧಿ, ನೀರು, ಕರೆಂಟು, ತ್ಯಾಜ್ಯ ವಿಲೇವಾರಿ, ಸಣ್ಣ ರಿಪೇರಿ ಸೇರಿ ವರ್ಷಕ್ಕೆ 14,60,000 ರೂಪಾಯಿ ಎಂದುಕೊಳ್ಳಿ. ಇಪ್ಪತ್ತೂ ಗೂಡು ವರ್ಷವಿಡೀ ತುಂಬಿದ್ದರೆ 7,300 ನಾಯಿ-ದಿನಗಳು, ದಿನಕ್ಕೆ 200 ರೂಪಾಯಿ. ಸರಾಸರಿ ಹನ್ನೆರಡೇ ಗೂಡು ತುಂಬಿದ್ದರೆ 4,380 ನಾಯಿ-ದಿನಗಳು, ದಿನಕ್ಕೆ 333 ರೂಪಾಯಿ. ಒಂದು ನಾಯಿ ಹೆಚ್ಚಾಗಿ ಬಂದದ್ದರಿಂದ ನಿಜಕ್ಕೂ ಏರುವ ಊಟ, ಔಷಧಿ, ಶುಚಿತ್ವದ ಖರ್ಚು ದಿನಕ್ಕೆ 90 ರೂಪಾಯಿ ಇರಬಹುದು.

ಮೂರೂ ಸರಿಯಾದ ಲೆಕ್ಕಗಳೇ. ಯಾವುದನ್ನು ಮಾಲೀಕರಿಂದ ಕೇಳಬೇಕು ಎನ್ನುವುದು ನ್ಯಾಯದ ಪ್ರಶ್ನೆ. 333 ಕೇಳುವುದು ತಪ್ಪು ಎಂದು ನನ್ನ ಅಭಿಪ್ರಾಯ. ಖಾಲಿ ಗೂಡುಗಳು ಊರಿನ ಸಿದ್ಧತೆ. ಕರೆ ಬಾರದ ದಿನವೂ ಅಗ್ನಿಶಾಮಕ ವಾಹನ ಸಜ್ಜಾಗಿ ನಿಂತಿರುವಂತೆ ಅವೂ ಇರಬೇಕು. ಅದರ ಖರ್ಚನ್ನು ಆ ತಿಂಗಳು ಸಿಕ್ಕಿಬಿದ್ದ ನಾಲ್ಕು ಜನ ಮಾಲೀಕರ ತಲೆಗೆ ಕಟ್ಟಬಾರದು. ಬರೀ 90 ಕೇಳಿದರೆ ನಾಯಿ ಸಾಕದ ಮನೆಯವರೂ ಉಳಿದದ್ದನ್ನು ತುಂಬಬೇಕಾಗುತ್ತದೆ. ಹಾಗಾಗಿ ಗರಿಷ್ಠ ಮಿತಿ 200, ಮೊದಲ ಮೂರು ದಿನಕ್ಕೆ 90 ಎಂಬಂಥ ಮೆಟ್ಟಿಲು ದರ ಹೆಚ್ಚು ಒಪ್ಪುತ್ತದೆ. ಬೇಗ ಬಂದು ಬಿಡಿಸಿಕೊಂಡವರಿಗೆ ಕಡಿಮೆ ಬೀಳುತ್ತದೆ, ಗೂಡೂ ಬೇಗ ಖಾಲಿಯಾಗುತ್ತದೆ.

ಇನ್ನೊಂದು ಲೆಕ್ಕವನ್ನು ಸಾಮಾನ್ಯ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಮಂಡಿಸಲೇಬೇಕು. ದಿನಗೂಲಿಯ ಮನೆಯೊಂದರ ನಾಯಿ ಎಂಟು ದಿನ ಕೇಂದ್ರದಲ್ಲಿತ್ತು ಎನ್ನಿ. ಮೆಟ್ಟಿಲು ದರವಿಲ್ಲದೆ ದಿನಕ್ಕೆ 200ರಂತೆ 1,600, ದಂಡ 500, ಲಸಿಕೆ ಬೇರೆ. ಆ ಮನೆಯವರು ನಾಯಿಯನ್ನು ಬಿಟ್ಟೇ ಹೋಗುತ್ತಾರೆ. ಆಮೇಲೆ ಆ ನಾಯಿ ಅರವತ್ತು ದಿನ ಅಲ್ಲೇ ಉಳಿದರೆ ಊಟ, ಔಷಧಿಗೇ 5,400 ರೂಪಾಯಿ. ಎರಡು ಸಾವಿರ ವಸೂಲಿಗೆ ಹೋಗಿ ಐದು ಸಾವಿರ ಕಳೆದುಕೊಂಡಂತಾಯಿತು, ನಾಯಿಗೆ ಮನೆಯೂ ತಪ್ಪಿತು. ಇದಕ್ಕೆ ಪರಿಹಾರ ಉಪವಿಧಿಯಲ್ಲೇ ಇರಬೇಕು. ಮೊದಲ ಸಲ ಸಿಕ್ಕಿಬಿದ್ದ ನಾಯಿಗೆ ಮಾಲೀಕರು ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಗೆ ಒಪ್ಪಿದರೆ ದಂಡ ಮನ್ನಾ. ಬಿಪಿಎಲ್ ಕಾರ್ಡು ಇದ್ದವರಿಗೆ ವಸತಿ ಶುಲ್ಕದಲ್ಲಿ ರಿಯಾಯಿತಿ. ರಿಯಾಯಿತಿ ಕೊಡುವ ಅಧಿಕಾರ ಯಾರಿಗೆ ಎಂಬುದನ್ನೂ ಬರೆದಿಡಬೇಕು. ಇಲ್ಲದಿದ್ದರೆ ಅದು ಪರಿಚಯಸ್ಥರ ಪಾಲಾಗುತ್ತದೆ.

ಸಾಕಲಾಗದೆ ತಾವೇ ನಾಯಿಯನ್ನು ತಂದು ಒಪ್ಪಿಸುವವರಿಂದ ಶುಲ್ಕ ತೆಗೆದುಕೊಳ್ಳಬೇಕೆ? ಬೇಡ. ಇಚ್ಛೆಯಿಂದ ಕೊಟ್ಟರೆ ದೇಣಿಗೆ ರಸೀದಿ ಕೊಡಿ. ಕೌಂಟರಿನಲ್ಲಿ ಹಣ ಕೇಳಿಸಿಕೊಂಡವರು ರಾತ್ರಿ ಊರಾಚೆ ಹೆದ್ದಾರಿಯಲ್ಲಿ ನಾಯಿಯನ್ನು ಇಳಿಸಿ ಬರುತ್ತಾರೆ. ಬೀದಿನಾಯಿಗಳ ಮಾತಂತೂ ಬೇರೆಯೇ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಅವುಗಳ ಶಸ್ತ್ರಚಿಕಿತ್ಸೆ, ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. ದೂರು ಕೊಟ್ಟವರಿಂದಾಗಲಿ ಊಟ ಹಾಕುವವರಿಂದಾಗಲಿ ಹಣ ಕೇಳುವ ಮಾತೇ ಬರಬಾರದು.

ಹಸುಗಳ ವಿಚಾರದಲ್ಲಿ ನಾನು ಇಷ್ಟು ಮೃದುವಾಗಿರಲಾರೆ. ಬೆಳಿಗ್ಗೆ ಹಾಲು ಕರೆದು ಹಗಲೆಲ್ಲ ಪೇಟೆಯ ಕಸದ ರಾಶಿಗೆ ಅಟ್ಟುವ ಮಾಲೀಕರು ಪ್ಲಾಸ್ಟಿಕ್ ತಿನ್ನಿಸುವುದು ತಮ್ಮ ಹಸುವಿಗೆ, ಅಪಾಯಕ್ಕೆ ಒಡ್ಡುವುದು ರಾತ್ರಿ ಬೈಕಿನಲ್ಲಿ ಬರುವವರನ್ನು. ಇಲ್ಲಿ ಎರಡನೇ ಸಲಕ್ಕೆ, ಮೂರನೇ ಸಲಕ್ಕೆ ದಂಡ ಏರಲೇಬೇಕು. ಆರೈಕೆಯ ದರವನ್ನೂ ಪೂರ್ತಿ ವಸೂಲು ಮಾಡಬಹುದು. ಹಿಂಸೆಯ ಮೊಕದ್ದಮೆಗಳಲ್ಲಿ ವಶಕ್ಕೆ ಬಂದ ಪ್ರಾಣಿಗಳ ಪಾಲನೆಗೆಂದು 2017ರಲ್ಲಿ ಬಂದ ಕೇಂದ್ರ ನಿಯಮಗಳಲ್ಲಿ, ಸಾಗಣೆ, ಪಾಲನೆ, ಚಿಕಿತ್ಸೆಯ ದಿನದರವನ್ನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿ ಪ್ರತಿವರ್ಷ ಏಪ್ರಿಲ್ 1ರೊಳಗೆ ಜಾತಿವಾರು ಗೊತ್ತುಪಡಿಸಬೇಕು ಎಂದಿದೆ. ಪುರಸಭೆಗೆ ತನ್ನ ದರವನ್ನು ಪಕ್ಕದಲ್ಲಿಟ್ಟು ನೋಡಲು ಅದು ಒಳ್ಳೆಯ ಅಳತೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಪದ್ಧತಿಯಲ್ಲಿ ನಾವು ನೋಡಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಶಸ್ತ್ರಚಿಕಿತ್ಸೆಯಾದ ನಾಯಿಯ ಪರವಾನಗಿ ಶುಲ್ಕ ಆಗದ ನಾಯಿಯದರ ಅರ್ಧಕ್ಕಿಂತ ಹೆಚ್ಚಿರಬಾರದು ಎಂದು ರಾಜ್ಯದ ಕಾನೂನೇ ಹೇಳುತ್ತದೆ. ಶಸ್ತ್ರಚಿಕಿತ್ಸೆಯಾಗದ ನಾಯಿ ಕೇಂದ್ರ ಸೇರಿದರೆ ಮೊದಲ ಸಲ 35 ಡಾಲರ್, ಎರಡನೇ ಸಲ 50, ಮೂರನೇ ಸಲದಿಂದ 100 ಡಾಲರ್ ದಂಡ. ಆ ದಂಡದ ಹಣ ಕಡಿಮೆ ವೆಚ್ಚದ ಶಸ್ತ್ರಚಿಕಿತ್ಸೆ, ಜನಜಾಗೃತಿಯಂಥ ಕೆಲಸಗಳಿಗೇ ಹೋಗಬೇಕು. ಎರಡನೆಯದು, 2010ರಲ್ಲಿ ಮತದಾರರು ಒಪ್ಪಿದ 26ನೇ ಪ್ರಸ್ತಾವದ ಪ್ರಕಾರ, ಶುಲ್ಕ ನಿಜವಾದ ಖರ್ಚನ್ನು ಮೀರಿಲ್ಲವೆಂದು ರುಜುವಾತು ಮಾಡುವ ಹೊಣೆ ಸ್ಥಳೀಯ ಸರ್ಕಾರದ ಮೇಲಿದೆ. ಹೆಚ್ಚಾಯಿತೆಂದು ತೋರಿಸುವ ಕಷ್ಟ ನಾಗರಿಕರಿಗಿಲ್ಲ. ಈ ಎರಡನೆಯದನ್ನು ನಮ್ಮ ಪುರಸಭೆಗಳು ಕಾನೂನಿನ ಒತ್ತಾಯವಿಲ್ಲದೆಯೂ ಪಾಲಿಸಬಹುದು.

ಒಂದೇ ರೋಗ, ಎರಡು ಪರೀಕ್ಷೆ

ಆರೋಗ್ಯ ಪ್ರಯೋಗಾಲಯದ ದರಕ್ಕೆ ಬಂದಾಗ ರೇಬೀಸ್‌ನ ಉದಾಹರಣೆ ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ವಿದೇಶಕ್ಕೆ ಹೋಗುವ ಕುಟುಂಬವೊಂದು ತಮ್ಮ ನಾಯಿಯನ್ನೂ ಒಯ್ಯಬೇಕು. ಯುರೋಪಿನ ದೇಶಗಳು ಭಾರತದಿಂದ ಬರುವ ನಾಯಿಯ ರಕ್ತದಲ್ಲಿ ರೇಬೀಸ್ ಪ್ರತಿಕಾಯ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಆದರೂ ಇರಬೇಕೆಂದು ಕೇಳುತ್ತವೆ. ಆ ಪರೀಕ್ಷೆಯ ಲಾಭ ಪೂರ್ತಿ ಆ ಕುಟುಂಬದ್ದು. ಪೂರ್ತಿ ಖರ್ಚನ್ನು ಅವರಿಂದ ಪಡೆಯುವುದರಲ್ಲಿ ತಪ್ಪಿಲ್ಲ. ಇನ್ನೊಂದು ಕಡೆ, ಮೂರು ಜನರನ್ನು ಕಚ್ಚಿ ಸತ್ತ ಬೀದಿನಾಯಿಯ ಮೆದುಳಿನ ಮಾದರಿ. ಅದರ ಲಾಭ ಆ ಮೂವರಿಗೆ, ಅವರ ಬೀದಿಗೆ, ತಾಲ್ಲೂಕಿಗೆ. ಅದಕ್ಕೆ ಒಂದು ರೂಪಾಯಿಯನ್ನೂ ಯಾರಿಂದಲೂ ಕೇಳಬಾರದು. ರೋಗ ಒಂದೇ, ಲ್ಯಾಬೂ ಒಂದೇ ಇರಬಹುದು, ಶುಲ್ಕದ ಉತ್ತರ ಮಾತ್ರ ಪೂರ್ತಿ ಬೇರೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಕೊರತೆಯಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದ ರೇಬೀಸ್ ಕೇಂದ್ರವಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬೀಸ್ ಪತ್ತೆಗೆ ಅಂತರರಾಷ್ಟ್ರೀಯ ಮನ್ನಣೆಯ ಲ್ಯಾಬಿದೆ. ಮನುಷ್ಯರಿಗೆ ಬರುವ ರೇಬೀಸನ್ನು ರಾಜ್ಯ ಸರ್ಕಾರ 2022ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದೆ. ತೊಡಕು ಇರುವುದು ಹಳ್ಳಿಯಿಂದ ಲ್ಯಾಬಿನವರೆಗಿನ ದಾರಿಯಲ್ಲಿ. ಮಾದರಿಯನ್ನು ತರಬೇತಾದ, ಲಸಿಕೆ ಪಡೆದ ಪಶುವೈದ್ಯರೇ ತೆಗೆಯಬೇಕು. ಸೋರದ ಡಬ್ಬಿಯಲ್ಲಿ ಮಂಜುಗಡ್ಡೆಯ ನಡುವೆ ತಣ್ಣಗೆ ಕಳಿಸಬೇಕು. ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ರೇಬೀಸ್ ಪತ್ತೆಯ ಮುಖ್ಯ ಪರೀಕ್ಷೆಯಾದ ಪ್ರತಿದೀಪ್ತ ಪ್ರತಿಕಾಯ ಪರೀಕ್ಷೆಗೆ ಅದು ಒದಗುವುದಿಲ್ಲ. ಐಸ್ ಪೆಟ್ಟಿಗೆ, ವಾಹನ, ಡೀಸೆಲ್, ಹೋಗಿಬರುವವರ ಭತ್ಯೆ ಯಾರದು? "ಪರೀಕ್ಷೆ ಉಚಿತ" ಎಂಬ ಬೋರ್ಡಿನಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಾಗಣೆಗೆಂದು ಪಂಚಾಯಿತಿ ಅಥವಾ ಪುರಸಭೆಯ ಆಯವ್ಯಯದಲ್ಲಿ ಒಂದು ಸಣ್ಣ ಮೊತ್ತ ಇಡದಿದ್ದರೆ ಶೂನ್ಯ ಶುಲ್ಕ ಕಾಗದದ ಮೇಲೆ ಉಳಿಯುತ್ತದೆ. ಈ ನಡುವೆ ಕಚ್ಚಿಸಿಕೊಂಡವರು ವರದಿಗಾಗಿ ಕಾಯುತ್ತ ಕೂರಬಾರದು. ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆ ಶುರು ಮಾಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಊರನ್ನು ಕಾಯುವ ಕೆಲಸಕ್ಕೆ ಶುಲ್ಕವಿರಬಾರದು ಎಂಬುದನ್ನು ಮಲೆನಾಡಿನವರಿಗೆ ಮಂಗನ ಕಾಯಿಲೆಯ ಮೂಲಕ ಹೇಳಿದರೆ ಇನ್ನೂ ಬೇಗ ಅರ್ಥವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಕಾಯಿಲೆ ಹರಡುವುದು ಉಣ್ಣೆಗಳಿಂದ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದರೆ ಅದೇ ಊರಿಗೆ ಮೊದಲ ಎಚ್ಚರಿಕೆ. ಸೌದೆಗೆ ಹೋದ ಹೆಂಗಸೊಬ್ಬಳು ಅದನ್ನು ಕಂಡು ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಇಡೀ ವ್ಯವಸ್ಥೆ ಅವಳಿಗೆ ಕೃತಜ್ಞವಾಗಿರಬೇಕು. ಫೋನು, ಓಡಾಟದ ಖರ್ಚನ್ನೂ ಅವಳಿಗೆ ಕೊಡುವುದು ನ್ಯಾಯ.

ಎರಡೂ ಕಡೆ ಲಾಭವಿರುವ ಪರೀಕ್ಷೆಗಳಿಗೆ ಹಂಚಿಕೆಯ ದರ ಸರಿಹೋಗುತ್ತದೆ. ಹಸುವಿನ ಕಂದು ರೋಗದ, ಅಂದರೆ ಬ್ರುಸೆಲ್ಲಾದ ಪರೀಕ್ಷೆಯಿಂದ ಹೈನುಗಾರರಿಗೂ ಅನುಕೂಲ, ಹಾಲು ಕುಡಿಯುವವರಿಗೂ ಅನುಕೂಲ. ಬಾವಿ, ಬೋರ್‌ವೆಲ್ ನೀರಿನ ಪರೀಕ್ಷೆಯೂ ಹಾಗೆಯೇ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡುವ ಯೋಜನೆಯಿದೆ. ಲ್ಯಾಬುಗಳನ್ನು ಸಾರ್ವಜನಿಕರಿಗೆ ಅಲ್ಪ ದರದಲ್ಲಿ ತೆರೆಯಲಾಗಿದೆ.

ಎಲ್ಲಕ್ಕಿಂತ ಜಾಣತನದ ಏರ್ಪಾಡು ನನಗೆ ಕಂಡದ್ದು 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಲ್ಲಿ. ಕೊಂಡ ಆಹಾರದ ಮೇಲೆ ಅನುಮಾನ ಬಂದ ಗ್ರಾಹಕರು, ಕೊಳ್ಳುವಾಗಲೇ ಮಾರುವವರಿಗೆ ತಮ್ಮ ಉದ್ದೇಶ ತಿಳಿಸಿ, ಶುಲ್ಕ ಕಟ್ಟಿ ಸರ್ಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆಹಾರ ನಿಯಮಕ್ಕೆ ಅನುಗುಣವಾಗಿಲ್ಲವೆಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸು. ಸುಳ್ಳು ದೂರಿನಿಂದ ಲ್ಯಾಬಿಗೆ ಹೊರೆಯಾಗದು, ನಿಜವಾದ ದೂರು ಕೊಟ್ಟವರಿಗೆ ನಷ್ಟವಾಗದು. ನೀರಿನ ಪರೀಕ್ಷೆಗೂ ಇದೇ ಪದ್ಧತಿ ತರಲು ಪುರಸಭೆಗೆ ದೊಡ್ಡ ಹಣ ಬೇಕಿಲ್ಲ.

ಲ್ಯಾಬಿನ ದರ ಏರುತ್ತಲೇ ಇರಬೇಕೆಂದೂ ಇಲ್ಲ. ಕೋವಿಡ್‌ನ ಆರ್‌ಟಿಪಿಸಿಆರ್ ಪರೀಕ್ಷೆಗೆ 2020ರ ಮಾರ್ಚಿನಲ್ಲಿ ಐಸಿಎಂಆರ್ ಇಟ್ಟ ಗರಿಷ್ಠ ಮಿತಿ 4,500 ರೂಪಾಯಿ. ಅದೇ ವರ್ಷ ಡಿಸೆಂಬರಿಗೆ ಕರ್ನಾಟಕ ಸರ್ಕಾರ ತಾನು ಖಾಸಗಿ ಲ್ಯಾಬಿಗೆ ಕಳಿಸುವ ಮಾದರಿಗೆ 500, ಜನ ನೇರವಾಗಿ ಹೋದರೆ 800 ಎಂದು ಗೊತ್ತುಮಾಡಿತ್ತು. ಕಿಟ್‌ಗಳು ಅಗ್ಗವಾದವು, ಮಾದರಿಗಳು ಹೆಚ್ಚಿದವು. ರಕ್ತದ ಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸುವ ತೊಂಬತ್ತಾರು ಗುಳಿಗಳ ಎಲಿಸಾ ತಟ್ಟೆಯಲ್ಲೂ ಇದೇ ಕಥೆ. ಒಂದೇ ಮಾದರಿ ಹಾಕಿದರೂ ತಟ್ಟೆ ತುಂಬ ಹಾಕಿದರೂ ಹೋಲಿಕೆಯ ಗುಳಿಗಳು, ತಂತ್ರಜ್ಞರ ಸಮಯ ಹೆಚ್ಚುಕಡಿಮೆ ಅಷ್ಟೇ. ಅಕ್ಕಪಕ್ಕದ ಊರುಗಳು ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಮಾದರಿಗಳನ್ನು ಒಟ್ಟಿಗೆ ಕಳಿಸಿದರೆ ತಲಾ ಖರ್ಚು ಇಳಿಯುತ್ತದೆ. ತುರ್ತಿನ ಮಾದರಿಗಳು ಮಾತ್ರ ಈ ಕಾಯುವಿಕೆಗೆ ಸಿಕ್ಕಬಾರದು.

ಸಭೆಗೆ ಹೋಗುವ ಮುನ್ನ

ಪರವಾನಗಿ ಕಡ್ಡಾಯ, ತಪ್ಪಿದರೆ ದಂಡ ಎನ್ನುವಂಥ ವ್ಯವಸ್ಥೆಗೆ ಸಾಮಾನ್ಯ ಸಭೆಯ ಠರಾವು ಮಾತ್ರ ಸಾಲದು, ಉಪವಿಧಿ ಬೇಕು. ಕರಡು ಪ್ರಕಟವಾಗಬೇಕು, ಆಕ್ಷೇಪಣೆಗೆ ಕಾಲಾವಕಾಶ ಇರಬೇಕು, ಸರ್ಕಾರದ ಮಂಜೂರಾತಿ ಸಿಗಬೇಕು. ಗ್ರಾಮ ಪಂಚಾಯಿತಿಗಳಿಗೆ 1993ರ ಪಂಚಾಯತ್ ರಾಜ್ ಅಧಿನಿಯಮವೇ ತೆರಿಗೆ, ಶುಲ್ಕಗಳ ಪಟ್ಟಿ ಮತ್ತು ಮಿತಿಯನ್ನು ಕೊಟ್ಟಿದೆ. ಅದರಾಚೆ ಹೊಸ ಶುಲ್ಕ ಹುಟ್ಟಿಸಲು ಹೋಗಬಾರದು. ಆಕ್ಷೇಪಣೆ ಸಲ್ಲಿಸುವವರು "ದರ ಹೆಚ್ಚಾಯಿತು" ಎಂದಷ್ಟೇ ಬರೆದರೆ ಕಡತದಲ್ಲಿ ಅದಕ್ಕೆ ಬೆಲೆ ಸಿಗುವುದಿಲ್ಲ. ವರ್ಷದ ಒಟ್ಟು ಖರ್ಚೆಷ್ಟು, ಎಷ್ಟು ಪ್ರಾಣಿ-ದಿನಗಳಿಗೆ ಅಥವಾ ಎಷ್ಟು ಮಾದರಿಗಳಿಗೆ ಅದನ್ನು ಹಂಚಿದ್ದೀರಿ, ಕಟ್ಟಡದ ವೆಚ್ಚವನ್ನೂ ಸೇರಿಸಿದ್ದೀರಾ, ಅನುದಾನದಿಂದ ಬಂದ ಯಂತ್ರದ ಬೆಲೆಯನ್ನು ಜನರಿಂದ ಮತ್ತೆ ವಸೂಲು ಮಾಡುತ್ತಿದ್ದೀರಾ, ಕಳೆದ ವರ್ಷ ಸೇರಿದ ಹಣ ಯಾವ ಶೀರ್ಷಿಕೆಯಲ್ಲಿ ಖರ್ಚಾಯಿತು ಎಂದು ಕೇಳಿ. ಕಡೆಯ ಎರಡು ಪ್ರಶ್ನೆಗಳೇ ಹೆಚ್ಚು ಹಣ ಉಳಿಸುವಂಥವು. ಉತ್ತರ ಬಾರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ.

ಸದಸ್ಯರಿಗೆ ಒಂದು ಮಾತು. ಹತ್ತು ವರ್ಷ ದರ ಮುಟ್ಟದೆ ಇದ್ದು ಹನ್ನೊಂದನೇ ವರ್ಷ ನಾಲ್ಕು ಪಟ್ಟು ಏರಿಸುವುದು ಜನರಿಗೂ ಅನ್ಯಾಯ, ಕೇಂದ್ರಕ್ಕೂ ಅನ್ಯಾಯ. ಉಪವಿಧಿಯಲ್ಲೇ ಪ್ರತಿವರ್ಷದ ಪರಿಶೀಲನೆಯ ತಿಂಗಳನ್ನು ಬರೆದಿಡಿ. ಏರಿಸುವುದಕ್ಕೆ ಇದ್ದಂತೆ ಇಳಿಸುವುದಕ್ಕೂ ಅವಕಾಶವಿರಲಿ. ಕೇಂದ್ರದ ಬಾಗಿಲಲ್ಲಿ, ಲ್ಯಾಬಿನ ಕೌಂಟರಿನಲ್ಲಿ ದರಪಟ್ಟಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಶುಲ್ಕವಿಲ್ಲದ ಸೇವೆಗಳನ್ನು ಪಟ್ಟಿಯ ಮೇಲ್ತುದಿಯಲ್ಲೇ ಬರೆಯಿರಿ. ಓದು ಬಾರದವರು ಬಂದು ಕೇಳಿದಾಗ ಮೊದಲು ಓದಿ ಹೇಳಬೇಕಾದದ್ದು ಅವನ್ನೇ.

ಏಪ್ರಿಲ್‌ನಿಂದ ಹೊಸ ದರ ಬರಬೇಕಾದರೆ ಮಾತು ಶುರುವಾಗಬೇಕಾದದ್ದು ಡಿಸೆಂಬರ್-ಜನವರಿಯಲ್ಲಿ, ಬಜೆಟ್ ಪೂರ್ವಭಾವಿ ಸಭೆಗಳಲ್ಲಿ. ಆ ಸಭೆಗೆ ಸಾಮಾನ್ಯವಾಗಿ ವರ್ತಕರು ಬರುತ್ತಾರೆ, ಗುತ್ತಿಗೆದಾರರು ಬರುತ್ತಾರೆ. ಊರಿನ ಪಶುವೈದ್ಯರು, ಲ್ಯಾಬ್ ತಂತ್ರಜ್ಞರು, ಆಶಾ ಕಾರ್ಯಕರ್ತೆಯರು, ನಾಯಿ ಸಾಕಿದ ಒಂದಿಬ್ಬರು ಮತ್ತು ನಾಯಿ ಕಚ್ಚಿಸಿಕೊಂಡ ಒಂದಿಬ್ಬರು ಈ ಸಲ ಅಲ್ಲಿ ಕೂರುವಂತೆ ಪುರಸಭೆಯೇ ಚೀಟಿ ಕಳಿಸಿ ಕರೆಯಲಿ.